ನೇಕಾರನ ನಾಯಿಯ ಹಲ್ಲು

"ಗುರುಗಳೇ, ಒಳ್ಳೆಯದಕ್ಕೆಂದು ಆಡಿದ ಮಾತೂ ಮನುಷ್ಯನನ್ನು ಓಡಿಸುತ್ತದೆಯೇ?" ಎಂದು ನಿಜಗುಣ ಕೇಳಿದ.

ಅವನ ಜೊತೆಯ ಶಿಷ್ಯ ಸೋಮಲಿಂಗ ಅಂದು ಬೆಳಿಗ್ಗೆ ಯಾರಿಗೂ ಹೇಳದೆ ಮಠ ಬಿಟ್ಟು ಹೋಗಿದ್ದ. ಹಾಸಿಗೆ ಮಡಿಸಿಟ್ಟಿದ್ದ, ಒಂದು ತುತ್ತೂ ತಿಂದಿರಲಿಲ್ಲ. ಆರು ವರ್ಷದಿಂದ ಅವನ ಪಾಠ, ನಡೆ, ನುಡಿ ಎಲ್ಲವನ್ನೂ ತಿದ್ದುತ್ತಿದ್ದವನು ನಿಜಗುಣನೇ.

"ಬೈದದ್ದು ಉಂಟು. ನಾನು ಕಲಿತದ್ದೂ ಬೈಸಿಕೊಂಡೇ. ಆದರೆ ಮನಸ್ಸಿನಲ್ಲಿ ಇಟ್ಟುಕೊಂಡವನಲ್ಲ. ಬೈದ ಮರುಗಳಿಗೆಯೇ ಮರೆತುಬಿಡುತ್ತಿದ್ದೆ" ಎಂದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಹೆಂಡತಿ ಮಕ್ಕಳಿರಲಿಲ್ಲ. ಅವನಿಗಿದ್ದದ್ದು ಒಂದು ಮಗ್ಗ, ಒಂದು ನಾಯಿ, ಬಾಯಿತುಂಬ ಹಲ್ಲು. ಅರವತ್ತು ದಾಟಿದ್ದರೂ ನೂಲನ್ನು ಹಲ್ಲಿನಲ್ಲೇ ಕಡಿಯುತ್ತಿದ್ದ. ಕತ್ತರಿ ಹಿಡಿಯುವ ನೇಕಾರರನ್ನು ಕಂಡರೆ ನಗುತ್ತಿದ್ದ. ದಿನವೂ ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಕುಳಿತು, ಇದ್ದಿಲ ಪುಡಿಗೆ ಹಿಡಿ ಉಪ್ಪು ಬೆರೆಸಿ ಹಲ್ಲುಜ್ಜುವುದು ಅವನ ಪೂಜೆ.

ನಾಯಿಗೆ ವಯಸ್ಸಾಯಿತು. ಬಾಯಿ ನಾರತೊಡಗಿತು. ಮಗ್ಗದಡಿ ಕಾಲು ಇಳಿಬಿಡುವ ಗುಂಡಿಯಲ್ಲಿ ಅವನ ಕಾಲಿಗೆ ಒರಗಿಕೊಂಡೇ ಮಲಗುವ ಪ್ರಾಣಿ ಅದು. ದೂರ ಅಟ್ಟಲು ಅವನಿಗೆ ಮನಸ್ಸು ಬರಲಿಲ್ಲ. ಅದರ ಹಲ್ಲನ್ನೂ ತಾನೇ ಉಜ್ಜುವುದೆಂದುಕೊಂಡ. ಬೇರೆ ಪುಡಿ ಯಾಕೆ? ತನಗೆ ಆಗಿಬಂದದ್ದು ಅದಕ್ಕೂ ಆಗಿಬರಲೇಬೇಕಲ್ಲ! ಮೊದಲು ತಾನು ಉಜ್ಜಿ, ಬಾಯಿ ಮುಕ್ಕಳಿಸಿ ಉಗುಳುವನು. ಆಮೇಲೆ ನಾಯಿಯ ತುಟಿ ಎತ್ತಿ ಬೆರಳಿನಿಂದ ತಿಕ್ಕುವನು. ಒದ್ದೆ ಬಟ್ಟೆಯಲ್ಲಿ ಮೂತಿ ಒರೆಸಿ ಬಿಡುವನು.

ಮೊದಮೊದಲು ನಾಯಿ ಕೊಸರಾಡಿತು. ಅವನು ಗದರಿದ. ಕ್ರಮೇಣ ಅದು ಅವನ ಬೆರಳು ಕಂಡೊಡನೆ ತಾನಾಗಿ ಬಾಯಿ ತೆರೆಯುವಷ್ಟು ಪಳಗಿತು. ನೇಕಾರ ಕೇರಿಯವರನ್ನೆಲ್ಲ ಕರೆದು ತೋರಿಸಿ ಬೀಗಿದ.

ನಾಯಿ ನೀರು ಕುಡಿಯುವುದು ಹೆಚ್ಚಾಯಿತು. ಮಡಕೆಯ ತಳ ನೆಕ್ಕುವಷ್ಟು ಬಾಯಾರಿಕೆ. ಬಾಯಿ ಚೊಕ್ಕಟವಾಗಿ ನೀರು ರುಚಿಸುತ್ತಿದೆ ಎಂದು ಅವನು ಹಿಗ್ಗಿದ. ಆಮೇಲೆ ಅದು ವಾಂತಿ ಮಾಡಿತು, ಅನ್ನ ಬಿಟ್ಟಿತು. ಹಲ್ಲು ಇನ್ನೂ ಶುದ್ಧವಾಗಿಲ್ಲವೆಂದು ಅವನು ಉಪ್ಪು ಹೆಚ್ಚಿಸಿದ. ಪ್ರೀತಿಯಲ್ಲಿ ಕೊರತೆ ಮಾಡುವವನಲ್ಲ ನೋಡು, ಮಹಾನುಭಾವ!

ಕೊನೆಗೆ ನಾಯಿ ಏಳಲಾರದಾದಾಗ ದನಗಳಿಗೆ ಮದ್ದು ಕೊಡುವ ಮುದುಕನನ್ನು ಕರೆತಂದ. ಮುದುಕ ನಾಯಿಯ ಬಾಯಿ ಬಿಡಿಸಿ ನೋಡಿದ. ಹಲ್ಲುಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಏನು ಹಾಕಿ ಉಜ್ಜುತ್ತಿದ್ದೆ?" ಎಂದು ಕೇಳಿದ.

"ನಾನು ಉಜ್ಜಿಕೊಳ್ಳೋದನ್ನೇ ಅಜ್ಜ, ಇದ್ದಿಲು, ಉಪ್ಪು. ಇಷ್ಟು ವರ್ಷದಲ್ಲಿ ನನಗೇನೂ ಆಗಿಲ್ಲವಲ್ಲ!"

"ನೀನು ಉಗುಳ್ತೀಯಪ್ಪ. ಇದಕ್ಕೆ ಉಗುಳೋಕೆ ಬರುತ್ತಾ? ನೀನು ಹಚ್ಚಿದ ಉಪ್ಪೆಲ್ಲ ಇದರ ಹೊಟ್ಟೆಗೇ ಹೋಗಿದೆ."

ನೇಕಾರ ಕಣ್ಣೀರು ಒರೆಸಿಕೊಂಡು ನಾಯಿಯ ಮೂತಿ ಸವರಲು ಕೈ ಚಾಚಿದ. ಬೆರಳು ಹತ್ತಿರ ಬಂದದ್ದೇ ತಡ, ನಾಯಿ ಕಷ್ಟಪಟ್ಟು ತಲೆ ಎತ್ತಿ ಬಾಯಿ ತೆರೆಯಿತು.

ಅದು ಅಂದೇ ಸತ್ತಿತು. ಮರುದಿನ ನೇಕಾರ ಎಂದಿನಂತೆ ಕಲ್ಲಿನ ಮೇಲೆ ಕುಳಿತು ಹಲ್ಲುಜ್ಜಿದ, ಮುಕ್ಕಳಿಸಿ ಉಗುಳಿದ. ಕಲ್ಲಿನ ಮೇಲೆ ಕಪ್ಪಗೆ ಹರಿದ ನೀರನ್ನು ನೋಡುತ್ತ ಅಲ್ಲೇ ಕುಸಿದು ಅತ್ತ. ಆಮೇಲೆ ಸಂತೆಗೆ ಹೋಗಿ ನೂಲಿಗೊಂದು ಕತ್ತರಿ ತಂದ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ನಿಟ್ಟುಸಿರು ಬಿಟ್ಟ.

"ಪಾಪ, ಕೆಟ್ಟವನೇನಲ್ಲ ಅವನು. ತನ್ನ ನಾಯಿಗೆ ಉಗುಳಲು ಬಾರದೆಂಬುದು ಅವನಿಗೆ ಹೊಳೆಯಲೇ ಇಲ್ಲ" ಎಂದ.

"ಬೈದ ಮರುಗಳಿಗೆಯೇ ನೀನು ಮರೆತೆ, ಸರಿ. ಆ ಬೈಗುಳವನ್ನು ಸೋಮಲಿಂಗ ಎಲ್ಲಿ ಉಗುಳಬೇಕಿತ್ತು, ನಿಜಗುಣ?" ಎಂದರು ಗುರುಗಳು.