ಮೆಲುಕಿನ ಹೊತ್ತು

"ಗುರುಗಳೇ, ದಡ್ಡರನ್ನು ಪಾಠಶಾಲೆಯಲ್ಲಿ ಎಷ್ಟು ಕಾಲ ಇಟ್ಟುಕೊಳ್ಳಬೇಕು?" ಎಂದು ಮರಿಶಾಂತಯ್ಯ ಕೇಳಿದ.

ಮಠದ ಪಾಠಶಾಲೆ ಅವನ ವಶದಲ್ಲಿತ್ತು. ವಚನಗಳು ಹುಡುಗರಿಗೆ ಕಷ್ಟವಾಗುತ್ತವೆಂದು ಅವನು ಒಂದೊಂದಕ್ಕೂ ಸುಲಭವಾದ ಅರ್ಥ ಬರೆದಿದ್ದ. ಬರೆದದ್ದು ಚೆನ್ನಾಗಿಯೇ ಇತ್ತು. ಮೊದಲು ವಾರಕ್ಕೊಂದು ವಚನ ನಡೆಯುತ್ತಿದ್ದಲ್ಲಿ ಈಗ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ನಡೆಯುತ್ತಿತ್ತು.

"ಅರೆದು ಬಾಯಿಗೆ ಹಾಕಿದರೂ ಅವರ ತಲೆಗೆ ಹತ್ತುವುದಿಲ್ಲ. ಮೂವರನ್ನು ನಾಳೆ ಊರಿಗೆ ಕಳಿಸುತ್ತಿದ್ದೇನೆ. ಅವರ ಮನೆಗಳಿಗೆ ಹೇಳಿ ಕಳಿಸಿದ್ದೂ ಆಯಿತು" ಎಂದ.

ಗುರುಗಳ ಮುಖ ಕೆಂಪಾಯಿತು. "ಕೂತುಕೋ" ಎಂದರು. "ಒಬ್ಬ ಅವಿವೇಕಿಯ ಕತೆ ಹೇಳುತ್ತೇನೆ. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ."

ಒಬ್ಬ ಗಾಣದವನಿದ್ದ. ಅವನಿಗೆ ಇದ್ದದ್ದು ಒಂದೇ ಎತ್ತು. ಅದು ಸುತ್ತಿದರೆ ಎಣ್ಣೆ, ನಿಂತರೆ ಇಲ್ಲ. ಅವನ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ ಇತ್ತು. ಮೇವು ತಿಂದ ಎತ್ತು ಮಲಗಿ ಮೆಲುಕು ಹಾಕಿ ಮುಗಿಸುವವರೆಗೆ ಯಾರೂ ನೊಗ ಮುಟ್ಟುವಂತಿರಲಿಲ್ಲ. ಎಣ್ಣೆಗೆ ಬಂದವರು ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಊರಿನವರು ಅದನ್ನು ಮೆಲುಕಿನ ಹೊತ್ತು ಎಂದೇ ಕರೆಯುತ್ತಿದ್ದರು.

ಮೇವು ಎಂದರೆ ಒಣಗಿದ ಜೋಳದ ದಂಟು. ಬರೀ ನಾರು. ತಿಂದದ್ದರಲ್ಲಿ ಬಹಳಷ್ಟು ಸಗಣಿಯಾಗಿ ಹೋಗುತ್ತಿತ್ತು. ಎತ್ತಿನ ಪಕ್ಕೆಲುಬುಗಳು ಕಾಣುತ್ತಿದ್ದವು. ಪೇಟೆಯ ವರ್ತಕನೊಬ್ಬ ಅವನಿಗೆ ಕಿಣ್ವದ ಪುಡಿ ಕೊಟ್ಟ. ನೀರಿಗೆ ಬೆರೆಸಿ, ಕತ್ತರಿಸಿದ ದಂಟಿನ ಮೇಲೆ ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕು, ನಾರು ಸಡಿಲವಾಗುತ್ತದೆ, ಹೊಟ್ಟೆಗೆ ಕೆಲಸ ಹಗುರವಾಗುತ್ತದೆ ಎಂದ. ಅವನು ಸುಳ್ಳು ಹೇಳಲಿಲ್ಲ. ಎತ್ತು ಮೈ ತುಂಬಿಕೊಂಡಿತು. ಕೂದಲಿಗೆ ಹೊಳಪು ಬಂತು.

ಅಷ್ಟಕ್ಕೇ ಬಿಟ್ಟಿದ್ದರೆ ಗಾಣದವನ ಗಂಟೇನು ಹೋಗುತ್ತಿತ್ತು? ಆದರೆ ಅವನ ಬುದ್ಧಿ ಓಡಿತು. ಅರ್ಧ ಕೆಲಸವನ್ನು ಪುಡಿಯೇ ಮಾಡಿದ ಮೇಲೆ ಎತ್ತು ಮಲಗುವುದೇಕೆ ಎಂದುಕೊಂಡ. ಮೆಲುಕಿನ ಹೊತ್ತನ್ನೇ ತೆಗೆದುಹಾಕಿದ. ತಿಂದ ಕೂಡಲೇ ನೊಗ. ಇಳಿಸಿದ ಕೂಡಲೇ ಮೇವು. ಮತ್ತೆ ನೊಗ. ಎತ್ತು ಮಲಗಿದರೆ ಬಾಲ ತಿರುವಿ ಎಬ್ಬಿಸಿದ. ಎಬ್ಬಿಸಿ ಮುಂದೆ ಇನ್ನಷ್ಟು ಮೇವು ಸುರಿದ, ಅದೂ ದೊಡ್ಡ ಉಪಕಾರ ಮಾಡುತ್ತಿರುವವನ ಹಾಗೆ! ಮೂಕ ಪ್ರಾಣಿ. ಅದು ಯಾರ ಹತ್ತಿರ ದೂರು ಹೇಳಬೇಕು?

ಎತ್ತಿನ ಹೊಟ್ಟೆ ಉಬ್ಬಿತು. ಮೇವನ್ನು ಮೂಸಿ ಬಿಟ್ಟಿತು. ಒಂದು ದಿನ ಗಾಣ ಸುತ್ತುತ್ತಲೇ ಮಂಡಿಯೂರಿತು. ಗಾಣದವನು ಪುಡಿಯ ಚೀಲ ಹೊತ್ತು ವರ್ತಕನ ಅಂಗಡಿಗೆ ಜಗಳಕ್ಕೆ ಹೋದ.

"ಏನ್ರೀ ಸಾವ್ಕಾರ್ರ, ನಿಮ್ಮ ಪುಡಿ ತಿಂದು ನನ್ನ ಎತ್ತು ಹಾಳಾತು. ಮೆಲಕ ಹಾಕೂದ ಬಿಟ್ಟೈತಿ!"

"ಹಾಕಾಕ ಹೊತ್ತು ಕೊಟ್ಟೀಯೇನಪಾ?" ಎಂದ ವರ್ತಕ. "ನಾರು ಸಡಲ ಮಾಡೂದು ಪುಡಿ ಕೆಲಸ. ಮೆಲಕ ಹಾಕೂದು ಎತ್ತಿನ ಕೆಲಸ. ಮಲಗಾಕ ಬಿಡು, ತಾನ ಹಾಕ್ತೈತಿ."

ಗಾಣದವನ ಕಿವಿಗೆ ಇದು ಬೀಳಲಿಲ್ಲ. ತಪ್ಪು ತನ್ನದೆಂದರೆ ಯಾರ ಕಿವಿಗೆ ತಾನೇ ಬೀಳುತ್ತದೆ! ಪುಡಿಯದಲ್ಲದಿದ್ದರೆ ಎತ್ತಿನದೇ ದೋಷ ಎಂದು ತೀರ್ಮಾನಿಸಿದ. ಮಾರಿಬಿಡಲು ಅದನ್ನು ಸಂತೆಗೆ ನಡೆಸಿಕೊಂಡು ಹೋಗಿ ಬೇವಿನ ಮರಕ್ಕೆ ಕಟ್ಟಿದ. ಅಲ್ಲಿ ಗಾಣವಿರಲಿಲ್ಲ. ಬಾಲ ತಿರುವುವವರಿರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಎತ್ತು ನೆರಳಿನಲ್ಲಿ ಮಲಗಿತು. ಅದರ ಗಂಟಲು ಒಮ್ಮೆ ಅಲುಗಿತು. ಆಮೇಲೆ ಮೆಲ್ಲಗೆ ದವಡೆ ಆಡಿಸತೊಡಗಿತು.

ಅದನ್ನು ನೋಡಿದ ರೈತನೊಬ್ಬ ಬೇರೇನೂ ಕೇಳದೆ ಎತ್ತನ್ನು ಕೊಂಡ. ಕೊಂಡ ಮೇಲೂ ಹಗ್ಗ ಬಿಚ್ಚಲಿಲ್ಲ. ಮೆಲುಕು ಮುಗಿಯಲಿ ಎಂದು ಪಕ್ಕದಲ್ಲೇ ಕೂತ.

ಗಾಣದವನು ಮನೆಯವರೆಗೂ ಬೈಯುತ್ತಲೇ ನಡೆದ. "ನನ್ನ ಮನ್ಯಾಗ ಹಾಕಲಿಲ್ಲ, ಸಂತ್ಯಾಗ ಹಾಕ್ತು. ಎಂಥಾ ಮೋಸದ ಎತ್ತು!" ಮನೆಯಲ್ಲಿ ಗಾಣ ಸುಮ್ಮನೆ ನಿಂತಿತ್ತು.

ಮರಿಶಾಂತಯ್ಯ ಗಟ್ಟಿಯಾಗಿ ನಕ್ಕ. "ಎಂಥ ಮೂರ್ಖ, ಗುರುಗಳೇ! ಕಣ್ಣಾರೆ ಕಂಡರೂ ಅವನಿಗೆ ತಿಳಿಯಲಿಲ್ಲವಲ್ಲ."

ಗುರುಗಳು ನಗಲಿಲ್ಲ. ಅವನ ನಗು ನಿಲ್ಲುವವರೆಗೆ ಕಾದು ಕೇಳಿದರು:

"ನಾಳೆ ಆ ಮೂವರೂ ಊರು ಸೇರಿ, ಯಾವುದೋ ಮರದ ನೆರಳಿನಲ್ಲಿ ಕೂತು, ತಾವಾಗಿಯೇ ವಚನ ಹೇಳತೊಡಗಿದರೆ, ನೀನು ಯಾರನ್ನು ಬೈಯುತ್ತ ಮಠಕ್ಕೆ ಬರುತ್ತೀಯೆ?"