ಬೆನ್ನು ತಿರುಗಿಸಿ ಬರೆದ ಎರಡು ಚೀಟಿ

ನದಿ ದಂಡೆಯ ಮೇಲೆ ಮಠದವರು ನಡೆಸುವ ಆ ಆಸ್ಪತ್ರೆಗೆ ಬಂದವರು ಮೊದಲು ದೇವರನ್ನು ನಂಬುತ್ತಿದ್ದರು, ಆಮೇಲೆ ನೀಲಾಂಬಿಕಾ ಸಿಸ್ಟರನ್ನು. ಡಾಕ್ಟರರ ಸರದಿ ಅದರ ನಂತರ.

ತಲೆಗೆ ಪೆಟ್ಟು ಬಿದ್ದವರ ವಾರ್ಡಿನಲ್ಲಿ ಆಕೆ ಮೂವತ್ತು ವರ್ಷ ಕಳೆದಿದ್ದರು. ಗಂಟೆಗೊಮ್ಮೆ ಪ್ರತಿ ಹಾಸಿಗೆಗೂ ಹೋಗಿ ಹೆಸರು ಕೇಳುವರು, ತಮ್ಮ ಬೆರಳು ಹಿಡಿಯಲು ಹೇಳುವರು, ಸಣ್ಣ ಟಾರ್ಚಿನಿಂದ ಕಣ್ಣಿಗೆ ಬೆಳಕು ಬಿಡುವರು.

ಕಟ್ಟಡದ ಸಾರುವೆಯಿಂದ ಬಿದ್ದು ಬಂದ ಗಾರೆ ಕೆಲಸದ ಹನುಮಂತನ ಒಂದು ಕಣ್ಣಿನ ಪಾಪೆ ಕೂದಲೆಳೆಯಷ್ಟು ಹಿಗ್ಗಿದ್ದನ್ನು ಕಂಡು, ಊಟಕ್ಕೆ ಕೂತಿದ್ದ ಡಾಕ್ಟರರನ್ನು ಎಬ್ಬಿಸಿ ಕರೆತಂದವರು ಆಕೆಯೇ. ಆಪರೇಷನ್ ಆಯಿತು. ಹನುಮಂತ ಉಳಿದ.

ಇಂಥವರ ಕೈಕೆಳಗೆ ಕಲಿಯಲು ಬಂದ ಶಾಂಭವಿ ಅವರನ್ನು ಅಕ್ಕಾರು ಎನ್ನುತ್ತಿದ್ದಳು. ಅಕ್ಕಾರು ಹೇಳಿದರೆಂದರೆ ಅವಳಿಗೆ ಮುಗಿಯಿತು.

ಆ ವಾರ್ಡಿನಲ್ಲೊಂದು ಪದ್ಧತಿಯಿತ್ತು. ಅಪಾಯದ ಔಷಧ ಕೊಡುವ ಮೊದಲು ಇಬ್ಬರು ನರ್ಸುಗಳು ಬೇರೆ ಬೇರೆಯಾಗಿ ಸೀಸೆ ಓದಿ, ಬೆನ್ನಿಗೆ ಬೆನ್ನು ಮಾಡಿ ಕೂತು, ಎಷ್ಟು ಮಿಲಿ ಎಂದು ತಮ್ಮ ತಮ್ಮ ಚೀಟಿಯಲ್ಲಿ ಬರೆಯಬೇಕು. ಎರಡೂ ಒಂದೇ ಬಂದರೆ ಮಾತ್ರ ಸಿರಿಂಜಿಗೆ ಕೈ.

ಒಂದು ಬೆಳಿಗ್ಗೆ ಅಕ್ಕಾರು ಕೇಳಿದರು: "ನಂದು ನಾಕು ಬಂತು. ನಿಂದು?"

"ನಂದೂ ನಾಕ ರಿ."

"ಚೀಟಿ ಕೊಡು."

ಶಾಂಭವಿಯ ಚೀಟಿ ಖಾಲಿ ಇತ್ತು.

"ನೀವು ಬರದಿದ್ದನ್ನ ನಾ ಏನ್ ನೋಡೋದ್ರಿ ಅಕ್ಕಾರ?" ಎಂದಳು ಆಕೆ ತಲೆ ತಗ್ಗಿಸಿ. "ನಾಕು ತಪ್ಪೇನ್ರಿ?"

"ತಪ್ಪಿಲ್ಲ," ಎಂದು ಅಕ್ಕಾರು ತಮ್ಮ ಚೀಟಿಯನ್ನು ಹರಿದರು. ಆಮೇಲೆ ಟಾರ್ಚನ್ನು ಅವಳ ಕೈಗಿಟ್ಟು ಕೇಳಿದರು: "ಎರಡೂ ಕಣ್ಣಿನ ಪಾಪೆ ಯಾಕ ನೋಡ್ತೀವಿ?"

"ಒಂದು ದೊಡ್ಡದಾದ್ರ ತಲಿಯೊಳಗ ರಕ್ತ ನಿಂತಿರಬಹುದು ಅಂತ ರಿ."

"ಬಲಗಣ್ಣು ಎಡಗಣ್ಣಿಗೆ ಮರ್ಯಾದಿ ಕೊಟ್ಟು, ನಾನೂ ನಿಮ್ಮಷ್ಟ ಇದ್ದೀನ್ರಿ ಅಂದಿದ್ರ ಹನುಮಂತ ಉಳೀತಿದ್ದನೇನು?"

ಇಬ್ಬರೂ ಮತ್ತೆ ಬೆನ್ನು ತಿರುಗಿಸಿ ಕೂತು ಹೊಸ ಚೀಟಿ ಬರೆದರು.

ಎರಡು ದಿನ ಕಳೆಯಿತು. ಬೆಳಿಗ್ಗೆ, ಇನ್ನೂ ವಾರ್ಡಿನಲ್ಲೇ ಇದ್ದ ಹನುಮಂತನಿಗೆ ಫಿಟ್ಸ್ ಬಂದು ನಿಂತಿತು. ಅದು ಮತ್ತೆ ಬರದ ಹಾಗೆ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಮುನ್ನೂರು ಮಿಲಿಗ್ರಾಂ ಔಷಧವನ್ನು ನರಕ್ಕೆ ಕೊಡಬೇಕೆಂದು ಡಾಕ್ಟರರು ಬರೆದರು. ಹೆಚ್ಚಾದರೆ ಎದೆಬಡಿತವೇ ಕುಸಿಯುವಂಥ ಔಷಧ ಅದು.

ಇಬ್ಬರೂ ಬೆನ್ನು ತಿರುಗಿಸಿ ಕೂತರು.

"ನಂದು ಆರು," ಎಂದರು ಅಕ್ಕಾರು.

ಶಾಂಭವಿಯ ಚೀಟಿಯಲ್ಲಿ ಮೂರಿತ್ತು.

ಇನ್ನೊಮ್ಮೆ ಲೆಕ್ಕ ಮಾಡಿದಳು. ಮೂರು. ಮತ್ತೊಮ್ಮೆ ಮಾಡಿದಳು. ಮೂರೇ. ಮೂವತ್ತು ವರ್ಷದ ಕೈ ಎಲ್ಲಿ, ಎಂಟು ತಿಂಗಳ ತನ್ನ ಕೈ ಎಲ್ಲಿ ಎಂದುಕೊಂಡಳು.

"ಯಾಕ್ರಿ ಸಿಸ್ಟರ್, ತಡಾ ಆತಲ್ಲ?" ಎಂದಳು ಹಾಸಿಗೆಯ ಪಕ್ಕ ನಿಂತಿದ್ದ ಹನುಮಂತನ ಹೆಂಡತಿ. ಗಂಡನ ಪಾದ ಹಿಡಿದುಕೊಂಡೇ ಇದ್ದಳು.

ನಂದೂ ಆರು ಎಂದುಬಿಡುವುದು ಎಷ್ಟು ಸುಲಭವಿತ್ತು. ಶಾಂಭವಿ ಆ ಪಾದಗಳನ್ನು ನೋಡಿದಳು.

"ಅಕ್ಕಾರ, ನನಗ ಮೂರ ಬರ್ತೈತ್ರಿ. ಮೂರು ಸಲ ಮಾಡಿದೆ."

ಅಕ್ಕಾರು ಸೀಸೆಯನ್ನು ಕನ್ನಡಕದ ಹತ್ತಿರ ಹಿಡಿದರು. ಬೆಳಿಗ್ಗೆ ಬಂದ ಹೊಸ ಪೆಟ್ಟಿಗೆಯ ಸೀಸೆ. ಅದೇ ಬಣ್ಣ, ಅದೇ ಗಾತ್ರ. ಹಳೆಯದರಲ್ಲಿ ಒಂದು ಮಿಲಿಗೆ ಐವತ್ತು ಮಿಲಿಗ್ರಾಂ ಇರುತ್ತಿತ್ತು. ಇದರಲ್ಲಿ ನೂರು.

ಆಕೆ ಸ್ಟೂಲಿನ ಮೇಲೆ ಕೂತರು.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಆರರ ಚೀಟಿ ಹರಿದರು. ಸೀಸೆಯನ್ನು ಇಬ್ಬರೂ ಓದಿದರು. ಮತ್ತೆ ಬೆನ್ನಿಗೆ ಬೆನ್ನು. ಮೂರು, ಮೂರು.

ಔಷಧವನ್ನು ಶಾಂಭವಿಯೇ ನಿಧಾನಕ್ಕೆ ಕೊಟ್ಟಳು. ಅಕ್ಕಾರು ಹನುಮಂತನ ನಾಡಿ ಹಿಡಿದು ಕೂತರು.

ಸಂಜೆ ಶಾಂಭವಿ ಹೋಗಿ, "ಹನುಮಂತಪ್ಪ, ಬೆರಳು ಹಿಡಿ" ಎಂದಾಗ ಅವನು ಹಿಡಿದ. ಬಿಡು ಎಂದಾಗ ಬಿಟ್ಟ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಾಂಭವಿಗೂ ತಡೆಯಲಾಗಲಿಲ್ಲ.

ಅಕ್ಕಾರು ಬಾಗಿಲ ಹತ್ತಿರ ಟಾರ್ಚು ಒರೆಸುತ್ತಿದ್ದರು. ಶಾಂಭವಿ ಹತ್ತಿರ ಬಂದು ಪಿಸುಗುಟ್ಟಿದಳು.

"ನನ್ನ ಪರೀಕ್ಷಾ ಮಾಡಾಕ ಬೇಕಂತ ಆರು ಬರದ್ರಿ, ಹೌದಲ್ರಿ ಅಕ್ಕಾರ?"

"ಇಲ್ಲ ತಂಗಿ. ಸೀಸಿ ಮ್ಯಾಲಿಂದು ಓದಲಿಲ್ಲ. ರೂಢಿ ಮ್ಯಾಲ ಬರದೆ."

"ನೀವು ತಪ್ತೀರಿ ಅಂದ್ರ ನನಗ ನಂಬಾಕ ಆಗವಲ್ದ್ರಿ."

ಅಕ್ಕಾರು ಗೋಡೆಯ ಗಡಿಯಾರ ನೋಡಿದರು.

"ಅವನ ಮುಂದಿನ ಡೋಸು ಎಂಟಕ್ಕ ಐತಿ. ಅಷ್ಟರೊಳಗ ನಂಬು."