ಗೇರ್ ಬಾಕ್ಸಿನ ಎಣ್ಣೆ ಕುಡಿದದ್ದು ಯಾರು?

"ಕೇಳ್ರಪ್ಪೋ ಕೇಳಿ! ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದನ್ನು ಕೊಡಲಾಗುವುದು. ತಪ್ಪು ಹೇಳಿದವರ ತಲೆ ತೆಗೆಯಲಾಗುವುದು. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಎಣ್ಣೆಕಳ್ಳ ಡ್ರೈವರ್ ಮಂಚಯ್ಯನಿಗೆ ಗಲ್ಲು!"

ಗುಡ್ಡದಕೋಟೆಯ ಬೀದಿಗಳಲ್ಲಿ ತಮಟೆ ಹೀಗೆ ಸಾರಿತು. ಒಗಟುಗಳೆಲ್ಲ ಒಂದು ಗಾಡಿಯ ಕುರಿತವು. ಕ್ಲಚ್ಚಿಲ್ಲದೆ ತಾನೇ ಗೇರು ಬದಲಿಸಿಕೊಳ್ಳುವ, ನಾಲ್ಕು ಚಕ್ರವೂ ಎಳೆಯುವ, ದೊರೆಯ ಮಗಳು ಅಮ್ಮಣ್ಣಿ ಚಂಪಾಜಿಯ ಹಳೆಯ ಗಾಡಿ. ಅರಮನೆಯ ವಸ್ತು ಕೆಟ್ಟಿದೆ ಎನ್ನುವುದು ಆ ರಾಜ್ಯದಲ್ಲಿ ಅಪರಾಧ. ಕೆಟ್ಟದ್ದನ್ನು ಒಗಟು ಮಾಡಿ ಕೇಳಬಹುದಿತ್ತು. ದೊರೆಯ ಎದುರು ಎಂಜಿನ್ ಸದ್ದು ಮಾಡುವುದೂ ಅಪರಾಧವೇ. ಗಾಡಿ ಅಂಗಳಕ್ಕೆ ಬಂದೊಡನೆ ಆರಿಸಬೇಕು. ಇಷ್ಟೆಲ್ಲ ಮರ್ಯಾದೆ ಇದ್ದ ಕಡೆ ರಿಪೇರಿ ಹೇಗೆ ನಡೆದೀತು?

ಮಂಚಯ್ಯ ಮೇಲಿಂದ ಮೇಲೆ ಗೇರ್ ಬಾಕ್ಸಿಗೆ ಎಣ್ಣೆ ಕೇಳುತ್ತಿದ್ದ. ಉಗ್ರಾಣದವನು ಅಂಗಳದಲ್ಲೇ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಗೆರೆಯವರೆಗೂ ಎಣ್ಣೆ! ತುಂಬಿದ ಗಾಡಿಗೆ ಮತ್ತೆ ಎಣ್ಣೆ ಕೇಳುವವನು ಮಾರಿಕೊಳ್ಳದೆ ಇನ್ನೇನು ಮಾಡುತ್ತಾನೆ? ಹೊಡೆದರು. ತಾಳಲಾರದೆ ಮಂಚಯ್ಯ ಕದ್ದೆನೆಂದು ಒಪ್ಪಿಕೊಂಡ. ಚಂಪಾಜಿಗೆ ಮಾತ್ರ ಅನುಮಾನ ಉಳಿದಿತ್ತು. ಅವಳು ಹಟ ಹಿಡಿದದ್ದರಿಂದಲೇ ಡಂಗುರ ಹೊರಟಿತ್ತು.

ಮೊದಲು ಬಂದವನು ಪಕ್ಕದ ಪೇಟೆಯ ಗ್ಯಾರೇಜಿನ ಧಣಿ. ಚಂಪಾಜಿ ಕೇಳಿದಳು: "ಕುದುರೆ ಕೆನೆಯುತ್ತದೆ, ಹೆಜ್ಜೆ ಇಡುವುದಿಲ್ಲ. ಮುಂದಕ್ಕೆ ಅಂದರೂ ಇಲ್ಲ, ಹಿಂದಕ್ಕೆ ಅಂದರೂ ಇಲ್ಲ. ಅದರ ಕಾಲು ಕಟ್ಟಿದವರು ಯಾರು?"

"ಒಳಗಿನ ಹಲ್ಲುಗಳೆಲ್ಲ ಪುಡಿಯಾಗಿವೆ ತಾಯಿ, ಹೊಸ ಗೇರ್ ಬಾಕ್ಸೇ ಹಾಕಬೇಕು," ಎಂದ ಧಣಿ. ಕಡ್ಡಿಯ ಎಣ್ಣೆಯಲ್ಲಿ ಹಲ್ಲಿನ ಒಂದು ಚೂರು ಪುಡಿಯೂ ಕಾಣಲಿಲ್ಲ, ಅವನನ್ನು ತಲೆ ತೆಗೆಯಲು ಕೋಟೆಯ ಹಿಂದಕ್ಕೆ ಕರೆದೊಯ್ದರು.

ಆಮೇಲೆ ಒಬ್ಬ ಪಾಳೇಗಾರ ಬಂದ. ಮೊದಲನೆಯದು ಅಪಶಕುನ, ಎರಡನೆಯದನ್ನೇ ಕೇಳಿ ಎಂದ.

"ಮುಂಜಾನೆ ಏರು ಹತ್ತುವವನು ಮೈ ಬಿಸಿಯಾದ ಮೇಲೆ ಜಾರುತ್ತಾನೆ. ನೋಡಿದರೆ ಹೊಟ್ಟೆ ತುಂಬಿದೆ. ಆದರೂ ಹಸಿವು ಅನ್ನುತ್ತಾನೆ. ಯಾಕೆ?"

ಪಾಳೇಗಾರ ಕಡ್ಡಿ ಎಳೆದು ನೋಡಿ, "ಎಣ್ಣೆ ಭರ್ತಿ ಇದೆ. ಹಾಗಾದರೆ ಒಳಗೆ ಗೇರು ಹಿಡಿಯುವ ಬಿಲ್ಲೆಗಳು ಸುಟ್ಟಿವೆ," ಎಂದ. ಎಣ್ಣೆ ಸುಟ್ಟು ಕಪ್ಪಾಗಿರದೆ ಕೆಂಪಗೇ ಇತ್ತು, ಅವನೂ ಹೋದ. ಆಮೇಲೆ ಗಾಡಿಯ ಹತ್ತಿರ ಯಾರೂ ಸುಳಿಯಲಿಲ್ಲ.

ಅಮಾವಾಸ್ಯೆಯ ದಿನ ಹೊಂಬಯ್ಯ ಬಂದ. ಎತ್ತುಗಳಿಗೆ ಲಾಳ ಕಟ್ಟುವವನು. ಮಂಚಯ್ಯ ಅವನ ಸೋದರಮಾವ. ತಬ್ಬಲಿಯನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನೂ ಅವನೇ. ತನಗೆ ಇರುವುದು ಮಾವನೊಬ್ಬನೇ ಎಂಬುದಷ್ಟೇ ಹೊಂಬಯ್ಯನ ಧೈರ್ಯ.

ಮೊದಲ ಒಗಟಿಗೆ ಅವನು ಗಾಡಿಯೊಳಗೆ ಬಗ್ಗಿ ನೋಡಿದ. "ದೊಡ್ಡ ಗೇರಿನ ಹಿಡಿ ಪಕ್ಕ ಸಣ್ಣದೊಂದು ಹಿಡಿ ಐತಲ್ಲ ತಾಯಿ, ಎರಡು ಚಕ್ರವಾ ನಾಲ್ಕು ಚಕ್ರವಾ ಅನ್ನೋದು ಅದರ ಕೆಲಸ. ಅದು ಮಧ್ಯಕ್ಕೆ ನಿಂತ್ರೆ ಯಾವ ಚಕ್ರಕ್ಕೂ ಎಂಜಿನ್ನಿನ ನಂಟಿಲ್ಲ. ಹತ್ತುವಾಗ ಯಾರದೋ ಕಾಲು ತಗುಲೈತೆ," ಎಂದು ಆ ಹಿಡಿಯನ್ನು ಮತ್ತೆ ಅದರ ಜಾಗಕ್ಕೆ ತಳ್ಳಿದ.

"ನನ್ನದೇ," ಎಂದಳು ಚಂಪಾಜಿ. ಸಭೆ ಕೆಮ್ಮಿತು. ಅವಳು ಎರಡನೆಯದನ್ನು ಕೇಳಿದಳು.

"ಎಂಜಿನ್ ಚಾಲೂ ಮಾಡಿ ತೋರಿಸ್ಬೇಕು ಬುದ್ಧಿ," ಎಂದ ಹೊಂಬಯ್ಯ.

"ನನ್ನೆದುರಾ?" ದೊರೆ ಗುಡುಗಿದ. ಕಾವಲುಗಾರ ಆಗಲೇ ಹೊಂಬಯ್ಯನ ತೋಳು ಹಿಡಿದ.

"ನಿಂತ ಎತ್ತು ಕುಂಟಾಕಿಲ್ಲ ಬುದ್ಧಿ. ನಡೆಸಿದ್ರೇನೇ ಯಾವ ಕಾಲು ಅಂತ ತಿಳಿಯೋದು."

"ಅಪ್ಪಾಜಿ ಪರದೆಯ ಹಿಂದೆ ಕೂತರೆ ಎದುರು ಹೇಗಾಗುತ್ತದೆ?" ಎಂದಳು ಚಂಪಾಜಿ. ದೊರೆ ಯೋಚಿಸಿ, ಪರದೆಯ ಹಿಂದೆ ಹೋಗಿ ಕೂತ. ಮರ್ಯಾದೆ ಉಳಿಯಿತು.

ಚಂಪಾಜಿ ಊರು ಒಂದು ಸುತ್ತು ಹಾಕಿ ಗಾಡಿಯನ್ನು ಬಿಸಿ ಮಾಡಿ ತಂದಳು. ಎಂಜಿನ್ ಓಡುತ್ತಿರುವಾಗಲೇ ಹೊಂಬಯ್ಯ ಕಡ್ಡಿ ಎಳೆದ. ತುದಿಯಲ್ಲಷ್ಟೇ ಎಣ್ಣೆ.

"ಎಂಜಿನ್ ನಿಂತಾಗ ಮೇಲಿನ ಎಣ್ಣೆಯೆಲ್ಲ ಕೆಳಗೆ ಇಳಿದು ಕೂರ್ತದೆ, ಕಡ್ಡಿ ತುಂಬಿದಂಗೆ ಕಾಣ್ತದೆ. ಓಡುವಾಗ ನೋಡಿದ್ರೆ ನಿಜ ಗೊತ್ತಾಗೋದು. ಹೊಟ್ಟೆ ತುಂಬಿರಲೇ ಇಲ್ಲ ತಾಯಿ. ಇದನ್ನ ಕಲಿಸಿದ್ದೇ ನಮ್ಮ ಮಾವ. ಅಂಗಳದಲ್ಲಿ ಎಂಜಿನ್ ಹಾಕಿ ಅನ್ನೋಕೆ ಅವನಿಗೆ ಬಾಯಿ ಬರಲಿಲ್ಲ."

"ಹಾಗಾದರೆ ಮೂರನೆಯದು ಕೇಳು. ಕೊಡಕ್ಕೆ ಬಿರುಕಿಲ್ಲ, ನೆಲದ ಮೇಲೆ ಒಂದು ಹನಿಯಿಲ್ಲ. ಆದರೂ ಕೊಡ ಬರಿದಾಗುತ್ತದೆ. ಕುಡಿದವರು ಯಾರು?"

ಇದು ಹೊಂಬಯ್ಯನಿಗೆ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ. ಸುಮ್ಮನೆ ಗಾಡಿಯನ್ನು ಸುತ್ತಿದ. ಕಾವಲುಗಾರ ಮತ್ತೆ ಹತ್ತಿರ ಬಂದ. ಆಗ ಹಿಂದಿನ ಕೊಳವೆಯಿಂದ ದಟ್ಟವಾಗಿ ಬಿಳಿ ಹೊಗೆ ಬರುತ್ತಿರುವುದು ಕಂಡಿತು, ಸುಟ್ಟ ಎಣ್ಣೆಯ ವಾಸನೆಯೂ ಬಂತು. ಎಂಜಿನ್ ಆರಿಸಲು ಹೇಳಿ ಗಾಡಿಯಡಿ ನುಸುಳಿದ. ಗೇರ್ ಬಾಕ್ಸಿಗೆ ಅಂಟಿಕೊಂಡು ಒಂದು ಪುಟ್ಟ ಡಬ್ಬಿ, ಅದರಿಂದ ಎಂಜಿನ್ನಿಗೆ ಒಂದು ತೆಳ್ಳನೆ ರಬ್ಬರ್ ಪೈಪು. ಪೈಪು ಕಿತ್ತ. ಕೆಂಪು ಎಣ್ಣೆ ತೊಟ್ಟಿಕ್ಕಿತು.

"ಎಂಜಿನ್ನೇ ಕುಡಿದೈತೆ!" ಎಂದು ಕೂಗಿಕೊಂಡೇ ಹೊರಬಂದ. "ಈ ಪೈಪಿನಾಗೆ ಅದು ಗಾಳಿ ಎಳೀತದೆ. ಡಬ್ಬಿಯೊಳಗಿನ ಪೊರೆ ಹರಿದೈತೆ, ಗಾಳಿ ಜೊತೆ ಎಣ್ಣೇನೂ ಎಳ್ಕೊಂಡು ಸುಟ್ಟು ಹೊಗೆ ಮಾಡೈತೆ. ಮನೆಯೊಳಗಿನವರೇ ಕುಡಿದ್ರೆ ಅಂಗಳದಾಗೆ ಹನಿ ಎಲ್ಲಿ ಸಿಕ್ತದೆ?"

ದೊರೆ ಪರದೆ ಸರಿಸಿ ಹೊರಬಂದು, ಬೇಕಾದ್ದನ್ನು ಕೇಳು ಎಂದ. ಹೊಂಬಯ್ಯ ಮಾವನ ಬಿಡುಗಡೆಯನ್ನು ಕೇಳಿದ. ದೊರೆ ಅದನ್ನೂ ಕೊಟ್ಟ, ಕೆರೆಯ ಕೆಳಗೆ ಗದ್ದೆಯನ್ನೂ ಕೊಟ್ಟ, ಇನ್ನು ಮೇಲೆ ಕೆಟ್ಟದ್ದನ್ನು ಕೆಟ್ಟಿದೆ ಅನ್ನಬಹುದೆಂದು ಹುಕುಂ ಹೊರಡಿಸಿದ. ಹೋದ ಎರಡು ತಲೆಗಳ ಮಾತನ್ನು ಯಾರೂ ಎತ್ತಲಿಲ್ಲ.

ಮಂಚಯ್ಯನನ್ನು ಕರೆತಂದರು. ಜನ ಕಂಡೊಡನೆ ಅವನು ಕೈಮುಗಿದು, "ನಾನೇ ಕದ್ದೆ ಬುದ್ಧಿ, ನಾನೇ ಮಾರ್ದೆ," ಎಂದ. ಬೇಡ ಎಂದರೂ ಅದನ್ನೇ ಹೇಳಿದ. ಹೇಳಿ ಹೇಳಿ ಅವನಿಗೂ ಅದೇ ನಿಜವಾಗಿಬಿಟ್ಟಿತ್ತು.

ಹೊಂಬಯ್ಯ ಪೈಪನ್ನು ಅವನ ಅಂಗೈಗೆ ಬಗ್ಗಿಸಿದ. ಮಂಚಯ್ಯ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಮೂಸಿದ, ಪೈಪು ನೋಡಿದ, ಗಾಡಿಯಡಿ ಬಗ್ಗಿ ಡಬ್ಬಿ ನೋಡಿದ. ಆಮೇಲೆ ದುಃಖ ಉಕ್ಕಿ ಬಂದು ಅಂಗಳದಲ್ಲೇ ಕುಸಿದು ಅತ್ತ.

"ಹಂಗಾದ್ರೆ ನಾನು ಕದ್ದಿಲ್ವೇನ್ಲಾ?"

"ಇಲ್ಲ ಮಾವ."

ಕೋಟೆಯ ಬಾಗಿಲು ದಾಟಿ ಮತ್ತೆ ಕೇಳಿದ, ಊರ ಮುಂದೆ ಬಂದಾಗ ಮತ್ತೆ ಕೇಳಿದ. ಹೊಂಬಯ್ಯ ಬೇಸರಿಸದೆ ಪ್ರತಿ ಸಲವೂ ಇಲ್ಲ ಎಂದ.